ನೀಲಾವತಿ ಹೊಗಳಿದ ಹುಡುಗಿ

ಕುರುಗೋಡಿನ ನೀಲಾವತಿಯ ಹಿಟ್ಟಿನ ಗಿರಣಿಯಲ್ಲಿ ಮಾತಾಡಬೇಕೆಂದರೆ ಬಾಯಿಯನ್ನು ಇನ್ನೊಬ್ಬರ ಕಿವಿಯ ಹತ್ತಿರಕ್ಕೆ ಒಯ್ಯಬೇಕು. ಅಷ್ಟು ಸದ್ದು. ಆದರೂ ಓಣಿಯ ಹೆಣ್ಣುಮಕ್ಕಳು ಮನೆಯಲ್ಲಿ ಆಡದ ಮಾತನ್ನು ಅಲ್ಲಿ ಆಡುತ್ತಿದ್ದರು. ಜೋಳದ ಡಬ್ಬಿಯನ್ನು ಪಾಳಿಗೆ ಇಟ್ಟು, ಗೋಡೆಗೆ ಒರಗಿ ನಿಂತು, ಒಬ್ಬೊಬ್ಬರೇ ನೀಲಾವತಿಯ ಪಕ್ಕಕ್ಕೆ ಸರಿದು ಹೇಳಿಕೊಳ್ಳುತ್ತಿದ್ದರು. ಆ ಗದ್ದಲದಲ್ಲಿ ಹೇಳಿದ್ದು ಮೂರನೆಯವರಿಗೆ ಕೇಳುವುದಿಲ್ಲವೆಂಬ ಧೈರ್ಯ ಅವರಿಗೆ. ನೀಲಾವತಿ ಹುಬ್ಬಿಗೆ, ರೆಪ್ಪೆಗೆ ಹಿಟ್ಟು ಮೆತ್ತಿಸಿಕೊಂಡು, ಕೈಯನ್ನು ಹಿಟ್ಟು ಬೀಳುವ ಕಡೆ ಇಟ್ಟು, ಕಿವಿಯನ್ನು ಹೇಳುವವರ ಕಡೆ ಕೊಟ್ಟಿರುತ್ತಿದ್ದಳು. ಬುದ್ಧಿ ಹೇಳುವ ಗೋಜಿಗೆ ಹೋಗುತ್ತಿರಲಿಲ್ಲ. "ಆಮ್ಯಾಲೆ ಏನ್ ಮಾಡಿದಿ?" ಎಂದು ಕೇಳುವಳು, ಅಷ್ಟೆ.

ಈ ಗುಣವನ್ನು ಮೊದಲು ಗುರುತಿಸಿದವರು ಸರೋಜಾ ಮೇಡಂ. ಬಳ್ಳಾರಿಯ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಮಾಡುವ ಆಕೆ, ಸುತ್ತಲಿನ ಸರ್ಕಾರಿ ಶಾಲೆಗಳ ಹುಡುಗಿಯರಿಗೆ ಜೊತೆ ನಿಲ್ಲುವಂಥ ಹೆಂಗಸರನ್ನು ಹುಡುಕುತ್ತಿದ್ದರು. ಸಂಬಳ ಇಲ್ಲ. ವಾರಕ್ಕೊಮ್ಮೆ ಒಬ್ಬ ಹುಡುಗಿಯ ಜೊತೆ ಕೂತು ಅವಳ ಓದು, ಮನೆ, ಮುಂದಿನ ಯೋಚನೆ ಎಲ್ಲವನ್ನೂ ಕೇಳಬೇಕು. ಬೇಕಾದಾಗ ಕೈ ಹಿಡಿಯಬೇಕು. ಸಂಸ್ಥೆಯವರು ಇಂಥವರನ್ನು ಮಾರ್ಗದರ್ಶಕಿ ಅನ್ನುತ್ತಿದ್ದರು. ಹುಡುಗಿಯರು ಜೊತೆಯಕ್ಕ ಅನ್ನುತ್ತಿದ್ದರು.

"ನಾ ಒಂಬತ್ತನೇತ್ತಿಗೇ ಸಾಲಿ ಬಿಟ್ಟಾಕಿ ಅದೀನ್ರಿ ಮೇಡಂ. ನಾ ಏನ್ ದಾರಿ ತೋರಸ್ಲಿ?" ಎಂದಿದ್ದಳು ನೀಲಾವತಿ.

"ದಾರಿ ತೋರ್ಸೋದು ಆಮೇಲೆ. ಮೊದಲು ಕೇಳೋರು ಬೇಕು" ಎಂದರು ಸರೋಜಾ.

ಗಂಡ ವೆಂಕಣ್ಣ ಬೇಡವೆನ್ನಲಿಲ್ಲ. ಗಿರಣಿ ಹೊತ್ತು ಹೊತ್ತಿಗೆ ತೆರೆದಿದ್ದರೆ ಸಾಕು ಅವನಿಗೆ. ನೀಲಾವತಿ ಬಳ್ಳಾರಿಗೆ ಹೋಗಿ, ಶಿಕ್ಷಕಿಯರು, ದಾದಿಯರು ಕೂತಿದ್ದ ಕೋಣೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ತರಬೇತಿ ಪಡೆದು ಬಂದಳು. ಅಲ್ಲಿ ಹೇಳಿದ ಒಂದು ಮಾತು ಅವಳಿಗೆ ಚೆನ್ನಾಗಿ ಹಿಡಿಸಿತ್ತು: ಹುಡುಗಿ ಹೇಳಿದ್ದನ್ನು ಹೊರಗೆ ಆಡಬಾರದು. ಗಿರಣಿಯಲ್ಲಿ ಇಷ್ಟು ವರ್ಷ ಮಾಡಿಕೊಂಡು ಬಂದಿದ್ದೂ ಅದನ್ನೇ ಅಲ್ಲವೇ ಎಂದುಕೊಂಡಳು. ಯಾರ ಗುಟ್ಟನ್ನೂ ಅವಳು ಬಿಟ್ಟುಕೊಟ್ಟವಳಲ್ಲ. ಕೆಟ್ಟದ್ದನ್ನು ಹೊರಗೆ ಆಡಬಾರದೆಂದು ಅವಳಿಗೆ ಗೊತ್ತಿತ್ತು. ಒಳ್ಳೆಯದನ್ನೂ ಆಡಬಾರದೆಂದು ಮಾತ್ರ ಹೊಳೆಯಲಿಲ್ಲ.

ಅವಳ ಪಾಲಿಗೆ ಬಂದ ಹುಡುಗಿ ಚೈತ್ರಾ. ಬಾದನಹಟ್ಟಿಯವಳು, ಕುರುಗೋಡಿನ ಹೈಸ್ಕೂಲಿಗೆ ಬಂದುಹೋಗಿ ಹತ್ತನೆಯ ತರಗತಿ ಓದುತ್ತಿದ್ದಳು. ಅಪ್ಪ ಅಂಜಿನಪ್ಪನಿಗೆ ಕಾಲುವೆಯ ಕೆಳಗೆ ಸ್ವಲ್ಪ ಗದ್ದೆ. ಉಳಿದ ದಿನ ಅವರಿವರ ಹೊಲದ ಕೆಲಸ. ಶನಿವಾರ ಶಾಲೆ ಬೇಗ ಬಿಡುತ್ತಿತ್ತು. ಆಗ ಚೈತ್ರಾ ಗಿರಣಿಯ ಹಿಂದಿನ ಪಡಸಾಲೆಗೆ ಬಂದು ಕೂರುವಳು. ಮೊದಲ ಎರಡು ವಾರ "ಹೂಂರಿ", "ಇಲ್ರಿ" ಬಿಟ್ಟು ಬೇರೆ ಮಾತಿಲ್ಲ. ಆಮೇಲೆ ಶುರುವಾಯಿತು ನೋಡಿ, ಕಾಲುವೆಗೆ ನೀರು ಬಿಟ್ಟ ಹಾಗೆ. ಶಾಲೆಯವರು ಒಮ್ಮೆ ಬಳ್ಳಾರಿಗೆ ಕರೆದೊಯ್ದು ಸೂಕ್ಷ್ಮದರ್ಶಕದಲ್ಲಿ ರಕ್ತದ ಹನಿಯನ್ನು ತೋರಿಸಿದ್ದರಂತೆ. ಅವತ್ತಿನಿಂದ ಅವಳ ತಲೆಯಲ್ಲಿ ಅದೇ.

"ಒಂದ್ ಹನಿಯಾಗ ಅಷ್ಟ್ ಮಂದಿ ತಿರಗಾಡಾಕತ್ತಾರ್ರಿ ಅಕ್ಕಾರ. ಸಂತಿ ಇದ್ದಂಗ ಐತ್ರಿ. ನಾ ಆ ಲ್ಯಾಬಿನಾಗ ಕೆಲಸಕ್ಕ ಸೇರ್ತೀನಿ" ಎನ್ನುವಳು.

ನೀಲಾವತಿಗೆ ಹೆಣ್ಣುಮಕ್ಕಳಿಲ್ಲ. ಒಬ್ಬನೇ ಮಗ, ಅವನು ಮಾತಿಗೆ ಬಡವ. ಶನಿವಾರ ಮಧ್ಯಾಹ್ನವಾಗುತ್ತಿದ್ದಂತೆ ಅವಳು ಮುಖ ತೊಳೆದು, ಹಿಟ್ಟಿನ ಸೀರೆ ಬದಲಿಸಿ, ಅವಲಕ್ಕಿಯನ್ನೋ ಮಂಡಕ್ಕಿಯನ್ನೋ ಒಗ್ಗರಣೆ ಹಾಕಿ ಕಾಯುತ್ತಿದ್ದಳು. ಸಂಜೆ ಸಿರುಗುಪ್ಪದ ದೇಶನೂರಿನಲ್ಲಿದ್ದ ಅವ್ವ ಪಕ್ಕೀರಮ್ಮನಿಗೆ ಫೋನು ಮಾಡಿದಾಗ ಅದೇ ಮಾತು. ಚೈತ್ರಾ ಹೀಗೆ ಕೇಳಿದಳು, ಚೈತ್ರಾ ಹಾಗೆ ನಕ್ಕಳು, ತೆಲುಗಿನಲ್ಲಿ ಲೆಕ್ಕ ಹೇಳಿದಳು, ತಾನೇ ಎದ್ದು ತಟ್ಟೆ ತೊಳೆದಿಟ್ಟು ಹೋದಳು. ಪಕ್ಕೀರಮ್ಮ ಎಲ್ಲವನ್ನೂ ಆಸೆಯಿಂದ ಕೇಳುವಳು. ದಸರೆಯ ಹೊತ್ತಿಗೆ ಮಗಳ ಮನೆಗೆ ಬಂದಾಗ ಹುಡುಗಿಯನ್ನು ಕಣ್ಣಾರೆ ಕಂಡಳು. ಕುಡಿಯಲು ನೀರು ತಂದುಕೊಟ್ಟ ಚೈತ್ರಾಳ ಗಲ್ಲ ಮುಟ್ಟಿ, "ಯಾರ ಮಗಳವ್ವಾ ನೀನು?" ಎಂದು ಕೇಳಿದಳು. ಮುದುಕಿಯರು ಎಲ್ಲರನ್ನೂ ಕೇಳುವ ಮಾತು ಅದು. ನೀಲಾವತಿ ಅದನ್ನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಸಂಕ್ರಾಂತಿ ಕಳೆದ ಮೇಲಿನ ಶನಿವಾರ ಕರೆಂಟು ಹೋಗಿ ಗಿರಣಿ ನಿಂತಿತ್ತು. ಸದ್ದಿಲ್ಲದ ಆ ಮನೆಯಲ್ಲಿ ಚೈತ್ರಾಳ ದನಿ ತುಂಬ ದೊಡ್ಡದಾಗಿ ಕೇಳಿಸುತ್ತಿತ್ತು. ಅವತ್ತು ಅವಳು ಪುಸ್ತಕ ತೆಗೆಯಲಿಲ್ಲ. ದಾವಣಿಯ ಅಂಚನ್ನು ಬೆರಳಿಗೆ ಸುತ್ತುತ್ತ ಕೂತಿದ್ದವಳು, "ನೀವು ಏನರ ಅಂತೀರಿ ಅಂತ ಕಾಯಾಕತ್ತೀನ್ರಿ. ನೀವು ಸುಮ್ನ ಅದೀರಿ" ಎಂದಳು.

"ಏನಂತ ಅನ್ಲೆವ್ವ?"

"ಅದಾ ರಿ. ಲಗ್ನದ್ದು."

"ಯಾರ ಲಗ್ನ?"

ಚೈತ್ರಾ ನಕ್ಕಳು. ಅಕ್ಕ ಚೇಷ್ಟೆ ಮಾಡುತ್ತಿದ್ದಾಳೆ ಎಂದುಕೊಂಡಳು. ತನ್ನವ್ವನ ಫೋನು ತಂದಿದ್ದಳು. ಅದರಲ್ಲಿ ಒಂದು ಫೋಟೋ ತೆಗೆದು ಮುಂದೆ ಹಿಡಿದಳು. ಭತ್ತ ಕೊಯ್ಯುವ ಮಷಿನ್ನಿನ ಮೇಲೆ ಕೈಯೂರಿ, ಚೌಕಳಿ ಅಂಗಿ ಹಾಕಿ ನಿಂತಿದ್ದ ಒಬ್ಬ ಗಂಡಸು. ಹಿಂದೆ ದೇಶನೂರಿನ ಗದ್ದೆ. ನೀಲಾವತಿ ಒಮ್ಮೆಲೇ ಗುರುತು ಹಿಡಿದಳು, ಯಾಕೆಂದರೆ ಆ ಫೋಟೋ ತೆಗೆದವಳು ಅವಳೇ. ಅವನು ಅವಳ ತಮ್ಮ ಎರ್ರಿ. ಇಪ್ಪತ್ತೊಂಬತ್ತು ದಾಟಿದವನು.

"ಇದು ನಿನ್ನತ್ರ ಹೆಂಗ ಬಂತು?" ಎಂದಳು.

"ನಿಮ್ಮವ್ವ ಕಳಿಸ್ಯಾರಲ್ರಿ, ನಮ್ಮ ಓಣಿ ಕೊಟ್ರಮ್ಮನ ಕೈಯಾಗ. ಹಿರೇರೆಲ್ಲ ಮಾತಾಡಿ ಮುಗಿಸ್ಯಾರ. ಮಾಘದಾಗ ಮುಹೂರ್ತ ಐತಿ." ಚೈತ್ರಾಳ ಮುಖದ ನಗೆ ನಿಧಾನ ಇಳಿಯತೊಡಗಿತು. "ನಿಮಗ ಗೊತ್ತಿಲ್ಲೇನ್ರಿ? ನೀವಾ ಹೇಳಿ ಮಾಡಿಸೀರಿ ಅಂತ ಅಪ್ಪ ಅಂದ."

ನೀಲಾವತಿ ಫೋನು ಇಸಿದುಕೊಂಡು ಆ ಫೋಟೋವನ್ನೇ ಮತ್ತೆ ನೋಡಿದಳು. ಅಷ್ಟರಲ್ಲಿ ಹುಡುಗಿ ಇನ್ನೊಂದು ಮಾತು ಆಡಿದಳು. ಸಮಾಧಾನ ಹೇಳುವವಳ ಹಾಗೆ, ಮೆಲ್ಲಗೆ ಆಡಿದಳು.

"ಅಪ್ಪ ನನ್ನ ಕೇಳಿದ್ರಿ. ಜುಲ್ಮಿ ಏನಿಲ್ಲ. ಬ್ಯಾರೆ ಯಾರರ ಆಗಿದ್ರ ನಾ ಒಲ್ಲೆ ಅಂತಿದ್ದೆ. ನಿಮ್ಮ ಮನಿ ಅಂದಕೂಡ್ಲೆ ಹೂಂ ಅಂದೆ. ನೀವು ನಮ್ಮವ್ರಾ ಆಗ್ತೀರಲ್ರಿ."

ಕರೆಂಟು ಬಂತು. ಮುಂದಿನ ಕೋಣೆಯಲ್ಲಿ ಗಿರಣಿ ಗುರ್ರೆಂದು ತಿರುಗತೊಡಗಿತು. ಮೇಲಿನ ಡಬ್ಬಿಯಲ್ಲಿ ಕಾಳಿರಲಿಲ್ಲ. ಕಲ್ಲಿಗೆ ಕಲ್ಲು ತಿಕ್ಕಿ ಸುಟ್ಟ ವಾಸನೆ ಬರುವವರೆಗೆ ನೀಲಾವತಿಗೆ ಅದು ಕೇಳಲೇ ಇಲ್ಲ. ಹೊರಗಿನಿಂದ ಓಡಿಬಂದ ವೆಂಕಣ್ಣ ಸ್ವಿಚ್ ಆರಿಸಿ, "ಏ ನೀಲಾ, ಕಿವಿಗೆ ಏನಾಗೈತಿ?" ಎಂದು ಒಳಗೆ ಬಂದವನು, ಹೆಂಡತಿಯ ಮುಖ ನೋಡಿ ಅಲ್ಲೇ ನಿಂತ.

ಮರುದಿನ ಬೆಳಿಗ್ಗೆ ನೀಲಾವತಿ ಸಿರುಗುಪ್ಪದ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ನಾಟಿಯಾದ ಗದ್ದೆಗಳು, ನೀರು ನಿಂತ ಮಡಿಗಳು. ಅವಳ ಕಣ್ಣಿಗೆ ಯಾವುದೂ ಬೀಳಲಿಲ್ಲ. ಒಂದೇ ಯೋಚನೆ: ಅವ್ವ ಇಷ್ಟು ದಿನ ಫೋನಿನಲ್ಲಿ ಮಾತಾಡಿದಳು, ಒಂದು ಮಾತು ಹೇಳಲಿಲ್ಲವಲ್ಲ. ಎಲ್ಲೋ ತಪ್ಪು ತಿಳಿವಳಿಕೆ ಆಗಿರಬೇಕು, ಕೊಟ್ರಮ್ಮ ಅನ್ನುವವಳು ಏನೋ ಕಟ್ಟಿ ಹೇಳಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು.

ಪಕ್ಕೀರಮ್ಮ ಅಂಗಳದಲ್ಲಿ ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಿದ್ದಳು. ಮಗಳನ್ನು ಕಂಡು ಮುಖ ಅರಳಿತು. ಆಮೇಲೆ ಮಗಳ ಕಣ್ಣು ನೋಡಿ, ವಿಷಯ ಗೊತ್ತಾಗಿದೆ ಎಂದು ತಿಳಿದುಕೊಂಡಳು.

"ಮುಂದಿನ ವಾರ ನಾನಾ ಹೇಳ್ತಿದ್ದೆ. ನೀನು ಆ ಬಳ್ಳಾರಿ ಕಮಿಟಿ ಗಿಮಿಟಿ ಅಂತ ಅಡ್ಡ ಮಾತು ತಗೀತಿ ಅಂತ ಸುಮ್ನಿದ್ದೆ" ಎಂದಳು.

"ಹತ್ತನೇತ್ತಿ ಹುಡುಗಿ ಅದಾಳವ್ವಾ ಅಕಿ. ಇನ್ನಾ ಹದಿನಾರು ತುಂಬಿಲ್ಲ."

"ನಿನಗ ತುಂಬಿತ್ತೇನು?"

"ಅಕಿನ್ನ ಯಾಕ ನೋಡಿದಿ? ಊರಾಗ ಬ್ಯಾರೆ ಯಾರೂ ಸಿಗ್ಲಿಲ್ಲೇನು?"

ಪಕ್ಕೀರಮ್ಮನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟಳು. "ನೀನಾ ಹೇಳಿದ್ದಲ್ಲ, ನೀಲಾ. ದಿನಾ ಸಂಜಿಕ ಅಕಿದಾ ಮಾತು. ಹಿಂಥಾ ಹುಡುಗಿ ಎಲ್ಲೀ ಇಲ್ಲ ಅಂದಿ. ಕೆಲಸಗಾತಿ ಅಂದಿ, ನಗ್ತಾಳ ಅಂದಿ, ಶ್ಯಾಣ್ಯಾಕಿ ಅಂದಿ. ನಿನ್ನ ಬಾಯಿಲೆ ಅಷ್ಟು ಕೇಳಿದ ಮ್ಯಾಲೆ ನಾ ಇನ್ನೊಬ್ಬಾಕಿನ್ನ ಯಾಕ ನೋಡ್ಲಿ? ಮಗಳು ಮೆಚ್ಚಿದ ಹುಡುಗಿ ಸೊಸಿಯಾಗಿ ಬರ್ಲಿ ಅಂದ್ನಿ. ಅದ್ರಾಗ ತಪ್ಪೇನೈತಿ?"

ನೀಲಾವತಿ ಕಂಬ ಹಿಡಿದು ನಿಂತಳು. ಕೊಟ್ರಮ್ಮನ ಮೇಲೆ ಹೊರಿಸಬಹುದೆಂದು ಬಂದಿದ್ದಳು, ಅವ್ವನ ಹಟದ ಮೇಲೆ ಹೊರಿಸಬಹುದೆಂದು ಬಂದಿದ್ದಳು. ಈಗ ನೋಡಿದರೆ ಹುಡುಗಿಯನ್ನು ಈ ಅಂಗಳದವರೆಗೆ ಕೈಹಿಡಿದು ನಡೆಸಿಕೊಂಡು ಬಂದಿದ್ದು ಅವಳದೇ ಮಾತು. ಒಂದೊಂದು ಹೊಗಳಿಕೆಯೂ ಒಂದೊಂದು ಹೆಜ್ಜೆಯಾಗಿತ್ತು. ಕೆಟ್ಟ ಹುಡುಗಿ ಎಂದಿದ್ದರೆ ಅವಳು ಇವತ್ತು ಸುಖವಾಗಿ ಓದಿಕೊಂಡಿರುತ್ತಿದ್ದಳು.

"ನಿನ್ನ ಕೊಟ್ಟಿದ್ದೂ ಆ ವಯಸ್ಸಿಗೇ" ಎಂದು ಪಕ್ಕೀರಮ್ಮ ಮುಂದುವರಿಸಿದಳು. "ನಿನಗೇನು ಕಡಿಮಿ ಆಗೇತಿ? ಗಂಡ ಚಲೋ ಅದಾನ. ಗಿರಣಿ ಐತಿ."

"ಮೊದಲ್ನೇದು ಉಳೀಲಿಲ್ಲಲ್ಲವ್ವಾ" ಎಂದಳು ನೀಲಾವತಿ.

ಆ ಮನೆಯಲ್ಲಿ ಯಾರೂ ಎತ್ತದ ಮಾತು ಅದು. ಪಕ್ಕೀರಮ್ಮ ಮಗಳನ್ನು ನೋಡಿದಳು, ತಿರುಗಿ ಮೆಣಸಿನಕಾಯಿಯನ್ನು ನೋಡಿದಳು.

"ಕೂಸಿನ್ನ ಹೆಂಗ ಹಿಡೀಬೇಕಂತ ನನಗ ಗೊತ್ತಿರ್ಲಿಲ್ಲ. ನೀನಾ ಬಾಜೂಕ ಕುಂತು ತೋರಸ್ತಿದ್ದಿ. ಮೂರು ದಿನಕ್ಕ ಹೋತು. ಡಾಕ್ಟರವ್ವ ಏನಂದ್ಲು ನೆನಪೈತೇನು? ತಾಯೀನಾ ಇನ್ನಾ ಕೂಸು ಅದಾಳ ಅಂದ್ಲು" ಎಂದಳು ನೀಲಾವತಿ.

"ಅದು ದೈವ" ಎಂದಳು ಪಕ್ಕೀರಮ್ಮ. ದನಿ ಮಾತ್ರ ಮೊದಲಿನಂತಿರಲಿಲ್ಲ.

ಎರ್ರಿ ಬಂದದ್ದು ಮಧ್ಯಾಹ್ನ, ಊಟಕ್ಕೆ. ಅಕ್ಕ ಕೇಳಿದ್ದಕ್ಕೆ ನಾಚಿಕೊಂಡು, "ಹುಡುಗಿ ಪಿಯುಸಿ ಮುಗಿಸ್ಯಾಳ ಅಂತ ಅವ್ವ ಅಂದ್ಲು" ಎಂದ. ನೀಲಾವತಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಕಲಸಿದ ತುತ್ತು ತಟ್ಟೆಯಲ್ಲೇ ಉಳಿಯಿತು. ಅವನು ಅವ್ವನ ಕಡೆ ನೋಡಿದ. ಅವಳು ಒಳಗೆ ಎದ್ದುಹೋದಳು.

"ಹತ್ತನೇತ್ತೆ?" ಎಂದ ಎರ್ರಿ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ನಮ್ಮ ಮಷಿನ್ ಮಾಲಕನ ಮಗಳು ಹತ್ತನೇತ್ತಿ ಅದಾಳಕ್ಕ. ನನ್ನ ಮಾಮಾ ಅಂತಾಳ" ಎಂದ. ಕೈ ತೊಳೆದು ಬಂದು, ಅಕ್ಕನ ಎದುರಿಗೇ ಅಂಜಿನಪ್ಪನಿಗೆ ಫೋನು ಹಚ್ಚಿ, ತನಗೆ ಈ ಸಂಬಂಧ ಬೇಡವೆಂದ. ಯಾಕೆಂದು ಅಂಜಿನಪ್ಪ ಕೇಳಿದ್ದಕ್ಕೆ, "ಬ್ಯಾಡ್ರಿ ಅಷ್ಟ" ಎಂದು ಇಟ್ಟುಬಿಟ್ಟ. ಮಾತಿನ ಮನುಷ್ಯನಲ್ಲ ಅವನು.

ನೀಲಾವತಿ ಸಂಜೆಯ ಬಸ್ಸಿಗೆ ವಾಪಸಾದಳು. ಕೆಟ್ಟದ್ದು ತಪ್ಪಿತು ಎಂದುಕೊಂಡಳು. ಶನಿವಾರ ಚೈತ್ರಾ ಬಂದರೆ ಹೇಗೆ ಸಮಾಧಾನ ಮಾಡಬೇಕೆಂದು ದಾರಿಯಲ್ಲೆಲ್ಲ ಮಾತು ಜೋಡಿಸಿಕೊಂಡಳು.

ಶನಿವಾರ ಚೈತ್ರಾ ಬರಲಿಲ್ಲ. ಶಾಲೆಗೂ ಬಂದಿಲ್ಲವೆಂದು ಅವಳ ತರಗತಿಯ ಹುಡುಗಿಯೊಬ್ಬಳು ಹೇಳಿದಳು. ಆ ಹುಡುಗಿಯೇ ತಗ್ಗಿದ ದನಿಯಲ್ಲಿ ಇನ್ನೊಂದು ಸಂಗತಿ ಹೇಳಿದಳು: ಆಂಧ್ರದ ಕಡೆಯ ಇನ್ಯಾರೋ ನೆಂಟನಿಗೆ ಮಾತಾಗಿದೆ, ಮುಹೂರ್ತ ಬದಲಾಗಿಲ್ಲ, ವರ ಮಾತ್ರ ಬದಲಾಗಿದ್ದಾನೆ.

ನೀಲಾವತಿ ಗಿರಣಿಗೆ ಬೀಗ ಹಾಕದೆ, ವೆಂಕಣ್ಣನಿಗೂ ಹೇಳದೆ, ಸಿಕ್ಕ ಆಟೋದಲ್ಲಿ ಬಾದನಹಟ್ಟಿಗೆ ಹೋದಳು. ಅಂಜಿನಪ್ಪನ ಮನೆಯ ಮುಂದೆ ಸುಣ್ಣ ಬಳಿಯುವ ಕೆಲಸ ನಡೆದಿತ್ತು. ಅವನು ಏಣಿಯಿಂದ ಇಳಿದು, ಕೈ ಒರೆಸಿಕೊಂಡು, ಕೂರಲು ಚಾಪೆ ಹಾಕಿದ. ಒಳ್ಳೆಯ ಮನುಷ್ಯ. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು.

"ಅಣ್ಣಾ, ಪರೀಕ್ಷಿ ಹತ್ರ ಬಂದಾವ. ಹುಡುಗಿ ಓದ್ಲಿ. ಲಗ್ನಕ್ಕ ಏನವಸರ ಐತಿ?"

"ಅವಸರ ನಿಮಗಿತ್ರಿ, ನನಗಲ್ಲ" ಎಂದ ಅಂಜಿನಪ್ಪ. "ನಾ ಯಾರ ಬಾಗಲಿಗೂ ಹೋಗಿರ್ಲಿಲ್ಲ. ನಿಮ್ಮವ್ವ ಹೇಳಿ ಕಳಿಸಿದ್ರು. ದೊಡ್ಡ ಮನಸು ಮಾಡಿ ಬಂದಾರ, ಮಗಳನ್ನ ಓದಸಾಕತ್ತಿದ ಅಕ್ಕಾರ ಮನಿ ಐತಿ, ಹೂಂ ಅಂದ್ನಿ. ಊರೆಲ್ಲ ಹೇಳೀನಿ. ಈಗ ಒಂದ್ ಫೋನಿನಾಗ ಬ್ಯಾಡ ಅಂದ್ರಿ. ನಿಶ್ಚಯ ಮುರಿದ ಹುಡುಗಿ ಅಂದ್ರ ಮಂದಿ ಏನಂತಾರ ಗೊತ್ತೈತೇನ್ರಿ ನಿಮಗ? ಏನ್ ಕೊರತಿ ಕಂಡ್ರು ಅಂತ ಕೊಟ್ರಮ್ಮನಾ ಕೇಳಾಕತ್ತಾಳ. ಆ ಮಾತು ಬೆಳ್ಯಾದಕ್ಕಿಂತ ಮುಂಚೆ ಮುಗಸಬೇಕು ನಾ."

ನೀಲಾವತಿ ವಯಸ್ಸಿನ ಮಾತು ಹೇಳಿದಳು, ಕಾನೂನಿನ ಮಾತು ಹೇಳಿದಳು. ಅವನು ತಲೆ ತಗ್ಗಿಸಿ ಕೇಳಿ, "ನೀವು ಕಲ್ತಾರು. ನಿಮ್ಮವ್ವಗ ಹೇಳ್ರಿ ಆ ಕಾನೂನು" ಎಂದ. ಅದರಲ್ಲಿ ವ್ಯಂಗ್ಯವಿರಲಿಲ್ಲ. ನೋವಿತ್ತು.

ಏಳುವಾಗ ಒಳಬಾಗಿಲಲ್ಲಿ ಚೈತ್ರಾ ಕಂಡಳು. ಅವತ್ತಿನ ದಾವಣಿಯೇ. ಕಣ್ಣು ಊದಿದ್ದವು. ನೀಲಾವತಿ ಕೈ ಚಾಚಿದಳು. ಹುಡುಗಿ ಹಿಂದೆ ಸರಿದಳು.

"ನಾ ಅಷ್ಟ್ ಬ್ಯಾಡಾದ್ನೇನ್ರಿ ಅಕ್ಕಾರ?" ಎಂದಳು. "ಓದಾಕ ಬೇಕಾಗಿದ್ದೆ. ಮನಿಗೆ ಬ್ಯಾಡಾದ್ನೇನ್ರಿ?"

ನೀಲಾವತಿಯ ಚಾಚಿದ ಕೈ ಹಾಗೇ ಉಳಿಯಿತು. ಹುಡುಗಿ ತನ್ನ ಓದಿನ ಬಗ್ಗೆ, ರಕ್ತದ ಹನಿಯ ಬಗ್ಗೆ ಯೋಚಿಸುತ್ತಿರಬಹುದೆಂದು ಅವಳು ತಿಳಿದಿದ್ದಳು. ಹುಡುಗಿ ಯೋಚಿಸುತ್ತಿದ್ದುದು ಅವಳ ಬಗ್ಗೆ.

ಊರ ಹೊರಗಿನ ಕಾಲುವೆಯ ಸೇತುವೆಯ ಹತ್ತಿರ ಆಟೋ ನಿಲ್ಲಿಸಿ ಸರೋಜಾ ಮೇಡಂಗೆ ಫೋನು ಮಾಡಿದಳು. ಅವರು ಎಲ್ಲವನ್ನೂ ಕೇಳಿ, ಮುಹೂರ್ತದ ದಿನ ಯಾವುದೆಂದು ಬರೆದುಕೊಂಡರು. ಆಮೇಲೆ, "ಮಕ್ಕಳ ಸಹಾಯವಾಣಿಗೆ ನಾನು ತಿಳಿಸ್ತೀನಿ. ನೀವು ಮನೆಗೆ ಹೋಗಿ" ಎಂದರು.

"ಬ್ಯಾಡ್ರಿ ಮೇಡಂ. ಹಚ್ಚಿದಾಕಿ ನಾನು. ನಾನಾ ಹೇಳ್ತೀನಿ."

ಹತ್ತು ಒಂಬತ್ತು ಎಂಟನ್ನು ಒತ್ತಿದಳು. ಆ ಕಡೆಯ ಹೆಂಗಸಿನ ದನಿ ನಿಧಾನವಾಗಿತ್ತು. ಹೇಳಿದವರ ಹೆಸರನ್ನು ಗುಟ್ಟಾಗಿಡುತ್ತೇವೆ ಎಂದಳು. ಹುಡುಗಿಯ ಹೆಸರು, ಊರು, ಶಾಲೆ ಕೇಳಿದಳು. ಮದುವೆಯ ಮಾತು ಮೊದಲು ಹೇಗೆ ಬಂತು ಎಂದು ಕೇಳಿದಳು. ನೀಲಾವತಿ ಇದನ್ನು ನಿರೀಕ್ಷಿಸಿರಲಿಲ್ಲ. ಸೇತುವೆಯ ಕೆಳಗೆ ನೀರು ಕೆಂಪಗೆ ಹರಿಯುತ್ತಿತ್ತು. ಅರ್ಧ ಹೇಳಿದರೆ ಅಂಜಿನಪ್ಪ ಒಬ್ಬನೇ ತಪ್ಪಿತಸ್ಥನಾಗಿ ನಿಲ್ಲುತ್ತಾನೆ.

"ಮೊದಲು ಕೇಳಿದಾಕಿ ನಮ್ಮವ್ವರಿ. ಪಕ್ಕೀರಮ್ಮ ಅಂತ. ದೇಶನೂರು, ಸಿರುಗುಪ್ಪ ತಾಲೂಕು" ಎಂದಳು.

ಫೋನು ಇಟ್ಟ ಮೇಲೆ ಸೇತುವೆಯ ಕಟ್ಟೆಯ ಮೇಲೆ ಕೂತಳು. ಆಟೋದ ಹುಡುಗ ನೀರಿನ ಬಾಟಲಿ ಕೊಟ್ಟ. ತಾನು ಹೆತ್ತವ್ವನ ಹೆಸರನ್ನು ಗುರುತಿಲ್ಲದ ಯಾರಿಗೋ ದೂರಾಗಿ ಹೇಳಿದೆನೆಂಬುದು ಅವಳಿಗೆ ನಂಬಲಾಗಲಿಲ್ಲ. ಮನೆಗೆ ಬಂದು ವೆಂಕಣ್ಣನಿಗೆ ಹೇಳಿದಾಗ ಅವನೂ ಒಂದು ಕ್ಷಣ ನಂಬಲಿಲ್ಲ. "ಅತ್ತಿ ಹೆಸರು ಹೇಳಿದಿ?" ಎಂದ. ಬೈಯಲಿಲ್ಲ. ಎದ್ದು ಹೋಗಿ ಗಿರಣಿಯ ಮುಂದೆ ಕಾಯುತ್ತಿದ್ದವರ ಜೋಳವನ್ನು ತಾನೇ ಬೀಸಿಕೊಟ್ಟ.

ಅಧಿಕಾರಿಗಳು ಎರಡು ಮನೆಗಳಿಗೂ ಹೋದರು. ಬಾದನಹಟ್ಟಿಯಲ್ಲಿ ಮದುವೆ ನಿಂತಿತು. ಹದಿನೆಂಟು ತುಂಬುವವರೆಗೆ ಮಾಡುವುದಿಲ್ಲವೆಂದು ಅಂಜಿನಪ್ಪ ಮುಚ್ಚಳಿಕೆ ಬರೆದುಕೊಟ್ಟ. ದೇಶನೂರಿನಲ್ಲಿ, ಓಣಿಯವರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿರುವಾಗ, ಪಕ್ಕೀರಮ್ಮ ಪೊಲೀಸಮ್ಮನ ಮುಂದೆ ಹೆಬ್ಬೆಟ್ಟು ಒತ್ತಿದಳು. ಜೀವಮಾನದಲ್ಲಿ ಮೊದಲ ಬಾರಿಗೆ ಅವಳ ಅಂಗಳಕ್ಕೆ ಜೀಪು ಬಂದಿತ್ತು. ದೂರು ಕೊಟ್ಟವರು ಯಾರೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಎರ್ರಿ ಅಕ್ಕನಿಗೆ ಫೋನು ಮಾಡಿ, "ಅವ್ವ ಬೆಳಗ್ಗಿಂದ ಏನೂ ಉಂಡಿಲ್ಲ" ಎಂದಷ್ಟೇ ಹೇಳಿದ. ಅವನ ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ನೀಲಾವತಿಗೆ ತಿಳಿಯಲಿಲ್ಲ. ಅವತ್ತಿನಿಂದ ಸಂಜೆಯ ಫೋನು ನಿಂತಿತು. ಅವಳು ಮಾಡಿದರೆ ಆ ಕಡೆ ಎತ್ತುತ್ತಿರಲಿಲ್ಲ.

ಚೈತ್ರಾಳನ್ನು ಬಳ್ಳಾರಿಗೆ ಕರೆದೊಯ್ದು ಕೆಲವು ದಿನ ಬಾಲಕಿಯರ ಮಂದಿರದಲ್ಲಿ ಇರಿಸಿದರು. ಆಮೇಲೆ ಹಾಸ್ಟೆಲಿನಲ್ಲಿದ್ದು ಪರೀಕ್ಷೆ ಬರೆದಳು. ಪಾಸಾದಳು. ನೀಲಾವತಿ ಪೇಡೆಯ ಪೊಟ್ಟಣ ಕಟ್ಟಿಸಿ ಸರೋಜಾ ಮೇಡಂ ಹತ್ತಿರ ಹೋದಳು, ಹುಡುಗಿಗೆ ತಲುಪಿಸಿ ಎಂದಳು. ಸರೋಜಾ ಪೊಟ್ಟಣ ತೆಗೆದುಕೊಂಡು, ಕುರ್ಚಿ ತೋರಿಸಿ, ಲೇಖನಿಯ ಮುಚ್ಚಳ ತೆಗೆದು ಹಾಕಿ ಮಾಡಿದರು.

"ಚೈತ್ರಾ ಬೇರೆ ಜೊತೆಯಕ್ಕ ಬೇಕು ಅಂತ ಕೇಳಿದಾಳೆ. ಕೊಟ್ಟಿದೀವಿ" ಎಂದರು.

ಫೋಟೋ ನೋಡಿದಾಗ ಬಿದ್ದ ಪೆಟ್ಟು, ಅವ್ವನ ಅಂಗಳದಲ್ಲಿ ಬಿದ್ದ ಪೆಟ್ಟು, ಎಲ್ಲವನ್ನೂ ತಡೆದುಕೊಂಡಿದ್ದ ನೀಲಾವತಿಗೆ ಈ ಸಣ್ಣ ಮಾತು ತಡೆಯಲಾಗಲಿಲ್ಲ. ಅಳಲೂ ಇಲ್ಲ. ಕುರ್ಚಿಯಿಂದ ಎದ್ದಳು. ಆಮೇಲೆ, "ನನಗ ಈ ಕೆಲಸ ಬ್ಯಾಡ್ರಿ ಮೇಡಂ. ನಾ ಬಾಯಿ ತೆಗೆದ್ರ ಒಂದು ಹುಡುಗಿ ಜೀವನ ಎಲ್ಲಿಗೋ ಹೋಗತೈತಿ" ಎಂದಳು.

ಸರೋಜಾ ಬಿಡಬೇಡಿ ಎಂದು ಬೇಡಿಕೊಳ್ಳಲಿಲ್ಲ. "ಬಿಡಬೇಕು ಅನ್ಸಿದ್ರೆ ಬಿಡಿ. ಆದ್ರೆ ಹೊಸಬರಿಗೆ ಒಮ್ಮೆ ಬಂದು ಇದನ್ನ ಹೇಳಿ. ನಾವು ತರಬೇತಿಲಿ ಗುಟ್ಟು ಕಾಪಾಡಿ ಅಂತೀವಿ. ಹೊಗಳಬೇಡಿ ಅಂತ ಯಾವತ್ತೂ ಹೇಳಿಲ್ಲ. ನಮಗೂ ಹೊಳೆದಿಲ್ಲ" ಎಂದರು.

ಹಾಗೆ ಅವಳು ಮತ್ತೆ ಆ ಕೋಣೆಗೆ ಹೋದಳು, ಈ ಸಲ ಮುಂದೆ ನಿಲ್ಲುವುದಕ್ಕೆ. ನಡೆದದ್ದನ್ನು ಹೆಸರಿಲ್ಲದೆ ಹೇಳಿದಳು. ಹೇಳಿ ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದಿನ ಸಾಲಿನ ಒಬ್ಬ ದಾದಿ ಎದ್ದು, ತಾನೂ ತನ್ನ ಹುಡುಗಿಯ ಬಗ್ಗೆ ನೆರೆಮನೆಯವರ ಹತ್ತಿರ ಹೊಗಳಿರುವುದಾಗಿ ಹೇಳಿ, ಮುಖ ಬಿಳಿಚಿಕೊಂಡು ಕೂತಳು. ಬಿಡುತ್ತೇನೆಂದಿದ್ದ ನೀಲಾವತಿ ಆ ಮಳೆಗಾಲ ರೂಪನಗುಡಿಯ ಕಡೆಯ ವಿಜಯಲಕ್ಷ್ಮಿ ಎಂಬ ಹುಡುಗಿಗೆ ಜೊತೆಯಕ್ಕ ಆದಳು. ವಿಜಯಲಕ್ಷ್ಮಿ ಏನು ಓದುತ್ತಾಳೆ, ಹೇಗಿದ್ದಾಳೆ ಎಂದು ವೆಂಕಣ್ಣನಿಗೂ ಗೊತ್ತಿಲ್ಲ.

ಪಕ್ಕೀರಮ್ಮ ಮಗಳ ಮನೆಗೆ ಕಾಲಿಟ್ಟದ್ದು ದೀಪಾವಳಿಗೆ, ಅದೂ ಎರ್ರಿ ಗಾಡಿಯಲ್ಲಿ ಕೂರಿಸಿಕೊಂಡು ಬಂದದ್ದಕ್ಕೆ. ಭತ್ತದ ಮಾತಾಡಿದಳು, ಮೊಣಕಾಲಿನ ಮಾತಾಡಿದಳು, ಅಳಿಯನ ತಲೆಗೂದಲು ಬೆಳ್ಳಗಾದ ಮಾತಾಡಿದಳು. ಆ ಒಂದನ್ನು ಬಿಟ್ಟು ಎಲ್ಲ ಮಾತಾಡಿದಳು. ಹೋಗುವಾಗ ಮಗಳ ಕೈಗೆ ಮೆಣಸಿನಪುಡಿಯ ಡಬ್ಬಿ ಕೊಟ್ಟಳು. ಕ್ಷಮಿಸಿದ್ದಾಳೋ ಇಲ್ಲವೋ ನೀಲಾವತಿ ಕೇಳಲಿಲ್ಲ.

ಚೈತ್ರಾ ಕಂಡದ್ದು ಅದಾದ ಮೇಲೆ, ಬಳ್ಳಾರಿಯ ಬಸ್ ನಿಲ್ದಾಣದಲ್ಲಿ. ನೀಲಾವತಿ ಕುರುಗೋಡಿನ ಬಸ್ಸಿಗೆ ಕಾಯುತ್ತಿದ್ದಳು. ಬಿಳಿ ಕೋಟನ್ನು ಮಡಿಸಿ ತೋಳಿನ ಮೇಲೆ ಹಾಕಿಕೊಂಡ ಹುಡುಗಿಯರ ಗುಂಪೊಂದು ಹಾದುಹೋಯಿತು. ಅದರಲ್ಲಿ ಒಬ್ಬಳು ಹಿಂದೆ ಉಳಿದಳು. ಎತ್ತರವಾಗಿದ್ದಳು. ಲ್ಯಾಬಿನ ಕೋರ್ಸಿಗೆ ಸೇರಿದ್ದಾಳೆಂದು ಆ ಕೋಟೇ ಹೇಳಿತು.

"ಆರಾಮ ಅದೀರೇನ್ರಿ?" ಎಂದಳು. ಅಕ್ಕಾರ ಎನ್ನಲಿಲ್ಲ.

"ಅದೀನವ್ವ. ನೀನು?"

"ಅದೀನ್ರಿ." ಸ್ವಲ್ಪ ತಡೆದು, "ನಿಮ್ಮ ತಮ್ಮಗ ಲಗ್ನ ಆತೇನ್ರಿ?" ಎಂದು ಕೇಳಿದಳು.

"ಇಲ್ಲ ಇನ್ನಾ."

ಚೈತ್ರಾ ತಲೆಯಾಡಿಸಿದಳು. ಗೆಳತಿಯರು ದೂರದಿಂದ ಕರೆಯುತ್ತಿದ್ದರು. ಹೋಗುತ್ತಾಳೆ ಎಂದುಕೊಂಡಳು ನೀಲಾವತಿ. ಹುಡುಗಿ ಹೋಗಲಿಲ್ಲ. ಮುಖವನ್ನು ನೇರ ನೋಡಿ ಹೇಳಿದಳು.

"ನೀವು ಮಾಡಿದ್ದು ಸರಿ ಐತ್ರಿ. ಅದು ನನಗ ಗೊತ್ತೈತಿ. ಆದ್ರ ನನಗ ನಿಮ್ಮ ಮ್ಯಾಲೆ ಇನ್ನಾ ಸಿಟ್ಟು ಐತಿ. ಹೋಗವಲ್ದು."

ಆ ವಯಸ್ಸಿನಲ್ಲಿ ನೀಲಾವತಿಗೂ ಅವ್ವನ ಮೇಲೆ, ಗಂಡನ ಮೇಲೆ, ಡಾಕ್ಟರವ್ವನ ಮೇಲೆ, ಸತ್ತ ಕೂಸಿನ ಮೇಲೆ ಕೂಡ ಸಿಟ್ಟಿತ್ತು. ಯಾರ ಮುಖ ನೋಡಿಯೂ ಅವಳು ಅದನ್ನು ಹೇಳಿರಲಿಲ್ಲ, ಹೇಳಬಹುದೆಂಬುದೇ ಗೊತ್ತಿರಲಿಲ್ಲ. ಈ ಹುಡುಗಿ ಬಸ್ ನಿಲ್ದಾಣದ ನಡುವೆ ನಿಂತು, ದನಿ ಏರಿಸದೆ, ಕಣ್ಣು ತಗ್ಗಿಸದೆ ಹೇಳುತ್ತಿದ್ದಾಳೆ.

"ಇರ್ಲಿ ಬಿಡವ್ವ. ಇದ್ದಷ್ಟ್ ದಿನ ಇರ್ಲಿ" ಎಂದಳು.

ಚೈತ್ರಾ ಒಂದು ಗಳಿಗೆ ನಿಂತು, ಗೆಳತಿಯರ ಕಡೆ ನಡೆದಳು. ಕುರುಗೋಡಿನ ಬಸ್ಸು ಬಂದು, ಜನ ಹತ್ತಿಸಿಕೊಂಡು, ಹೋಯಿತು. ನೀಲಾವತಿ ಕಲ್ಲುಬೆಂಚಿನ ಮೇಲೆ ಕೂತೇ ಇದ್ದಳು.